ಹದಿನೇಳನೆಯ ಬಿಲ

ತಕ್ಕಡಿಯ ಮುಳ್ಳು ನೂರ ಎಂಬತ್ತಕ್ಕೇ ನಿಂತುಬಿಟ್ಟಿತು, ನಿನ್ನೆ ಇನ್ನೂರ ಐದು ಗ್ರಾಂ, ಮೊನ್ನೆ ಇನ್ನೂರ ಮೂವತ್ತು, ಬಟ್ಟೆಚೀಲದೊಳಗೆ ಕಡಲಹಕ್ಕಿಯ ಮರಿ ಒದ್ದಾಡುತ್ತಲೂ ಇಲ್ಲ, ಮೊದಲ ದಿನ ನನ್ನ ತೋಳ ಮೇಲೆಲ್ಲ ಮೀನೆಣ್ಣೆ ಕಕ್ಕಿದ ಪೋಕರಿ ಇದು, ಬೆರಳು ತಾಗಿದರೆ ಸಾಕು ಕೊಕ್ಕು ತೆರೆಯುತ್ತಿತ್ತು, ಮಗಳೂ ಹಾಗೇ, ಕೆನ್ನೆಗೆ ಬೆರಳು ಸೋಕಿದರೆ ಬಾಯಿ ತೆರೆಯುತ್ತಾಳೆ, ಐದು ತಿಂಗಳ ಹೊಟ್ಟೆಬಾಕಿ — ಈ ಮರಿಯ ಅಪ್ಪ ಅಮ್ಮ ಎಲ್ಲಿದ್ದಾರೆಂದು ನನಗೆ ಗೊತ್ತು, ಅದೇ ಸಂಕಟ, ಪರದೆಯ ಮೇಲೆ ಎರಡು ಚುಕ್ಕೆ, ಮುನ್ನೂರು ಕಿಲೋಮೀಟರ್ ಆಚೆ ಕಡಲಲ್ಲಿ ಒಂದು, ಅದಕ್ಕೂ ಆಚೆ ಇನ್ನೊಂದು, ಎರಡಿರಲೇಬಾರದಿತ್ತು, ಒಂದು ಗೂಡಿಗೆ ಜಾಡು ತೋರಿಸುವ ಒಂದೇ ಯಂತ್ರ, ಬೆನ್ನ ಮೇಲೆ ಭಾರ ಹೊತ್ತದ್ದು ತಡಮಾಡಿದರೂ ಇನ್ನೊಂದು ಮೀನು ತರುತ್ತದೆ, ಅದಕ್ಕೇ ಯಂತ್ರ ಅಂಟಿಸಿದ ಕೂಡಲೇ ಬಿಲದ ಬಾಯಿಗೆ ಕೆಂಪು ಬಳಿದ ಕಲ್ಲಿಡಬೇಕು, ಇಲ್ಲಿ ಮತ್ತೆ ಕೈ ಹಾಕಬೇಡ ಎಂಬ ಗುರುತು. ಗಂಡಿಗೆ ಅಂಟಿಸಿದ ದಿನ ಕಲ್ಲು ಕೈಯಲ್ಲೇ ಇತ್ತು, ಅಷ್ಟರಲ್ಲಿ ಅಕ್ಕನ ಫೋನು, ನಿನ್ನ ಮಗಳು ಬಾಟಲಿ ಹಿಡಿದ್ಲು ಕಣೇ, ಗಟಗಟ ಅಂತ ಕುಡಿದ್ಲು, ಇನ್ನು ನೀನು ಆರಾಮಾಗಿರು, ಆರಾಮಾಗಿ ನಿಂತಲ್ಲೇ ಎದೆಹಾಲಿಗೆ ಅಂಗಿ ಒದ್ದೆಯಾಯಿತು, ಕಲ್ಲು ಜೇಬಿಗಿಳಿಯಿತು, ಮರುದಿನ ಪಕ್ಕದ ಬಿಲವೆಂದುಕೊಂಡು ಈ ಹದಿನೇಳನೆಯದರಿಂದಲೇ ಹೆಣ್ಣನ್ನೂ ಎಳೆದು ಅದಕ್ಕೂ ಯಂತ್ರ ಅಂಟಿಸಿದೆ, ಅಂಗಿ ಒಗೆಯುವಾಗ ಕಲ್ಲು ಸಿಕ್ಕಿತು.

ನಮ್ಮ ಸಂಶೋಧನೆಯ ಮೇಷ್ಟ್ರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಕೈಯಿಂದ ತಿನ್ನಿಸೋ ಹಾಗಿಲ್ಲಮ್ಮ, ನಿಯಮ ಅಂದ್ರೆ ನಿಯಮ, ದಿನಾ ತೂಕ ಬರೀತಾ ಇರು ಅಂದರು, ಬರೆಯುತ್ತಿದ್ದೇನೆ, ಈ ಹಕ್ಕಿಗಳು ಹತ್ತಿರ ಹೋಗುವುದು ಮರಿಗಾಗಿ, ದೂರ ಹೋಗುವುದು ತಮ್ಮ ಹೊಟ್ಟೆಗಾಗಿ, ಸರದಿಯಲ್ಲಿ ಎರಡನ್ನೂ ಮಾಡುತ್ತವೆ, ಇದನ್ನು ಸಭೆಯಲ್ಲಿ ಎಷ್ಟು ಜಂಬದಿಂದ ವಿವರಿಸಿದ್ದೆ, ಯಾರೂ ಅವುಗಳನ್ನು ಎಂಥಾ ತಾಯಿ ಅನ್ನುವುದಿಲ್ಲ, ಮೂರೇ ವಾರ ಅಕ್ಕಾ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬಂದ್ಬಿಡ್ತೀನಿ, ಎಂದು ಮಗಳನ್ನು ಅವಳ ಮಡಿಲಿಗಿಟ್ಟು ಈ ದ್ವೀಪಕ್ಕೆ ದೋಣಿ ಹತ್ತಿದೆ, ನನಗೆ ಈ ಕಡಲು ಬೇಕಿತ್ತು, ಹೌದು, ಬೇಕಿತ್ತು, ಈಗ ಒಂದು ಚುಕ್ಕೆ ಈ ಕಡೆ ತಿರುಗಿದೆ, ಬೆಳಿಗ್ಗೆ ನೋಡಿದೆ, ಹೆಣ್ಣೇ, ಆದರೆ ಆ ನಿಧಾನಕ್ಕೆ ಎರಡು ದಿನದ ದಾರಿ, ನೂರ ಎಂಬತ್ತು ಗ್ರಾಮಿಗೆ ಎರಡು ದಿನ ಎಲ್ಲಿಂದ ತರಲಿ — ಮಂಡಿಯೂರಿ ಮರಿಯನ್ನು ಒಳಗಿಳಿಸುತ್ತೇನೆ, ತೋಳು ಭುಜದವರೆಗೂ ಮಣ್ಣಿನೊಳಗೆ, ಕೈ ತೆಗೆಯಬೇಕು, ಬೆರಳಿಗೆ ಏನೋ ಸೋಕಿತು, ಕೊಕ್ಕು, ತೆರೆಯಿತು, ಅಂಗಿ ಮತ್ತೆ ಒದ್ದೆಯಾಗುತ್ತಿದೆ, ಬೆರಳು ಸರಿಸಿದೆ, ಮುಚ್ಚಿತು, ತಾಗಿಸಿದೆ, ತೆರೆಯಿತು, ಬರಿಗೈ ಪುಟ್ಟೀ, ಬರಿಗೈ, ತೆರೆದೇ ಇದೆ.