ಮದುಮಗಳು ತಳ್ಳಿದ ಕಾರು

ನನ್ನ ಅಂಬಾಸಡರ್ ಕಾರನ್ನು ಯಾರಾದರೂ ಡಬ್ಬಾ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅವತ್ತು ಶ್ರೀರಂಗಪಟ್ಟಣದಲ್ಲಿ, ಗೆಳೆಯ ಖಲಂದರನ ಮಗಳು ಫಿಜಾಳನ್ನು ಕೆ.ಆರ್.ಪೇಟೆಯ ಗಂಡನ ಮನೆಗೆ ಕಳಿಸುವ ಹೊತ್ತಿಗೆ, ಅದು ನಿಜಕ್ಕೂ ಡಬ್ಬಾ ಆಗಿಬಿಟ್ಟಿತು. ಬೀಗರ ಬಸ್ಸು ಆಗಲೇ ಹೊರಟುಹೋಗಿತ್ತು. ಮದುಮಕ್ಕಳು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ತಾಯಿ ಅಸ್ಗರಿ ಬೇಗಂ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದರು. ನಾನು ಕೀ ತಿರುಗಿಸಿದೆ. ಟಕ್ ಎಂದಿತು, ಅಷ್ಟೆ.

ಬಾನೆಟ್ ಎತ್ತಿದ್ದೇ ತಡ, ಬೀದಿಯ ಗಂಡಸರೆಲ್ಲ ಮೆಕ್ಯಾನಿಕ್‌ಗಳಾದರು. ಒಬ್ಬ ಪೆಟ್ರೋಲ್ ಇಲ್ಲ ಎಂದ, ಇನ್ನೊಬ್ಬ ಪ್ಲಗ್ಗು ಹೋಗಿದೆ ಎಂದ. ಮದುಮಗ ತೌಸಿಫ್ ಶೇರ್ವಾನಿಯಲ್ಲೇ ಇಳಿದು ಬಂದು ಬ್ಯಾಟರಿಯ ವೈರು ಅಲ್ಲಾಡಿಸಿ ಕೈ ಮಸಿ ಮಾಡಿಕೊಂಡ. ನಾನು ಹೆಡ್‌ಲೈಟ್ ಹಾಕಿ ನೋಡಿದೆ. ಸೇದಿ ಬಿಸಾಕಿದ ಬೀಡಿಯಷ್ಟೂ ಕೆಂಪಿರಲಿಲ್ಲ. ಕಾರಣ ಆಗಲೇ ಹೊಳೆಯಿತು. ಮದುಮಗಳ ಕಾರು ಮಿನುಗಲಿ ಎಂದು ಬೆಳಗ್ಗೆಯೇ ಬಣ್ಣದ ದೀಪ ಸುತ್ತಿ, ಸ್ಪೀಕರಿನಲ್ಲಿ ಹಾಡೂ ಹಾಕಿದ್ದೆ. ಬಿರಿಯಾನಿಯ ಭರದಲ್ಲಿ ಆರಿಸುವುದನ್ನೇ ಮರೆತಿದ್ದೆ.

"ಬ್ಯಾಟರಿ ಮಲಗ್ಬುಟ್ಟದೆ. ಎಲ್ಲಾರೂ ಸೇರಿ ತಳ್ರಪ್ಪ," ಎಂದೆ.

ಎಲ್ಲರೂ ಬಂದರು. ಲೋಡು ಲಾರಿಗೇ ಹೆಗಲು ಕೊಟ್ಟಿದ್ದ ಖಲಂದರ್ ಮಾತ್ರ ನಿಂತಲ್ಲಿಂದ ಅಲ್ಲಾಡಲಿಲ್ಲ.

"ನಾನ್ ತಳ್ಳಾಕಿಲ್ಲ ಕಣ್ಲಾ ತಿಮ್ಮ. ನನ್ ಮಗಳ್ನ ನನ್ ಕೈಯಾರೆ ಮನೆಯಿಂದ ಆಚೆಗೆ ತಳ್ಳನಾ?" ಎಂದು ಮುಖ ತಿರುಗಿಸಿದ.

ಮಗಳನ್ನು ಬಾಗಿಲಲ್ಲೇ ಬೀಳ್ಕೊಡುವುದು ಆ ಮನೆಯ ಪದ್ಧತಿ. ಅಪ್ಪ ಜೊತೆಗೆ ಹೋಗುವಂತಿಲ್ಲ.

ಅಷ್ಟರಲ್ಲಿ ಫಿಜಾ ಇಳಿದಳು. ಜರಿಯ ದುಪಟ್ಟಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಪ್ಪನತ್ತ ತಿರುಗಿದಳು.

"ಅಬ್ಬಾ, ನೀವು ಸ್ಟೇರಿಂಗ್ ಇಡ್ಕಳಿ. ನಾನೇ ತಳ್ತೀನಿ."

ಅಸ್ಗರಿ ಬೇಗಂ "ಹಾಯ್ ಅಲ್ಲಾ!" ಎಂದು ಹಣೆ ಚಚ್ಚಿಕೊಂಡವರು ಹಾಗೆಯೇ ನಕ್ಕೂಬಿಟ್ಟರು. ಒಂದು ಕಡೆ ಮದುಮಗಳು, ಇನ್ನೊಂದು ಕಡೆ ಮದುಮಗ, ನಡುವೆ ಡೊಳ್ಳು ಹೊಟ್ಟೆಯ ನಾನು. ಇಳಿಜಾರು ಸಿಕ್ಕಿತು. ಖಲಂದರ್ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟ. ಕಾರು ಕೆಮ್ಮಿತು, ಹೊಗೆ ಉಗುಳಿತು, ಗುರ್ ಎಂದಿತು. ಬೀದಿಯಲ್ಲಿ ಶಿಳ್ಳೆಯೋ ಶಿಳ್ಳೆ.

"ಬಾರ್ಲಾ, ನೀನ್ ಕೂತ್ಕೊ," ಎಂದು ಖಲಂದರ್ ಇಳಿಯಲು ಹೊರಟ.

"ಲೇ, ಆಕ್ಸಿಲೇಟರಿಂದ ಕಾಲು ಎತ್ತಬ್ಯಾಡ! ಆಫ್ ಆದ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ. ಸುಮ್ನೆ ಓಡಿಸ್ಕಂಡು ನಡಿ," ಎಂದು ಗದರಿ ನಾನು ಪಕ್ಕದ ಸೀಟಿಗೆ ಹಾರಿದೆ. ಮದುಮಕ್ಕಳೂ ಹತ್ತಿಕೊಂಡರು. ಪದ್ಧತಿಯನ್ನು ನೆನಪಿಸಲು ಯಾರಿಗೂ ಪುರುಸೊತ್ತು ಸಿಗಲಿಲ್ಲ.

ಪಾಂಡವಪುರ ದಾಟುವಷ್ಟರಲ್ಲಿ ಬ್ಯಾಟರಿ ಚೇತರಿಸಿಕೊಂಡಿತ್ತು. ಹಾರ್ನ್ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಧಾರಾಳವಾಗಿ ಸೀಟು ಬದಲಿಸಬಹುದಿತ್ತು. ಫಿಜಾ ಹಿಂದಿನಿಂದ ಬಾಗಿ ಕೇಳಿದಳು:

"ತಿಮ್ಮಣ್ಣ ಚಾಚಾ, ಬ್ಯಾಟರಿ ಇನ್ನೂ ಚಾರ್ಜ್ ಆಗಿಲ್ಲ, ಅಲ್ವಾ?"

"ಎಲ್ಲಿ ಆಯ್ತದವ್ವ? ಕೆ.ಆರ್.ಪೇಟೆಗಂಟ ಆಗಾಕಿಲ್ಲ."

ಲಾರಿ ಓಡಿಸಿಯೇ ತಲೆ ನರೆಸಿಕೊಂಡವನು ಖಲಂದರ್. ನನ್ನ ಸುಳ್ಳು ಅವನಿಗೆ ತಿಳಿಯದೇ ಇರುತ್ತದೆಯೇ? ಒಂದು ಕೈಯಲ್ಲಿ ಕಣ್ಣೊರೆಸಿಕೊಂಡ, ಹೌದೆಂದು ತಲೆಯಾಡಿಸಿದ, ಸ್ಟೇರಿಂಗ್ ಮಾತ್ರ ಬಿಡಲಿಲ್ಲ.