ಕಾರವಾರದ ದಂಡೆ, ಹುಬ್ಬಳ್ಳಿಯ ಶಲ್ಯ

ನಮ್ಮ ಮನೆಯವರು ವರ್ಷಕ್ಕೊಮ್ಮೆ ಕಾರವಾರಕ್ಕೆ ಹೋಗಿಬರುತ್ತಿದ್ದರು. ಹುಬ್ಬಳ್ಳಿ ಪೇಟೆಯಲ್ಲಿ ಕಾಳುಕಡಿ, ಒಣಮೆಣಸಿನಕಾಯಿಯ ದಲಾಲಿ ಅವರದು. ಕಾರವಾರದ ವ್ಯಾಪಾರಿಯೊಬ್ಬರಿಗೆ ಲಾರಿ ತುಂಬ ಮೆಣಸಿನಕಾಯಿ ಮುಟ್ಟಿಸಿ ಬರುವುದು ರೂಢಿ. ಬಂದವರ ಕೈಗೆ ನೀರು ಕೊಟ್ಟು, ರೊಟ್ಟಿ ಬಡಿಸಿ, ನಾನು ಪ್ರತಿಸಲ ಕೇಳುತ್ತಿದ್ದೆ.

"ಸಮುದ್ರ ಹೆಂಗಿತ್ರಿ?"

"ನೀರಿತ್ತು."

ಇಷ್ಟೇ. ಒಂದು ಹಿಡಿ ಜೋಳ ಕೈಗೆ ಬಂದರೆ ಅದು ಯಾವ ಹೊಲದ್ದು, ಮಳೆಗೆ ಸಿಕ್ಕಿತ್ತೋ ಇಲ್ಲವೋ ಎಂದು ಅರ್ಧ ತಾಸು ಹೇಳುವ ಮನುಷ್ಯ, ಅಷ್ಟು ದೊಡ್ಡ ಸಮುದ್ರಕ್ಕೆ ಒಂದೇ ಮಾತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಹುಟ್ಟುಗುಣವೇ ಹಾಗೆ. ಮುಚ್ಚಿದ್ದು ಏನಾದರೂ ಕಂಡರೆ ತೆಗೆದು ನೋಡಬೇಕು. "ಶಿವಬಸವ್ವನ ಮೂಗು ಎಲ್ಲಾ ಗಡಿಗ್ಯಾಗೂ ಇರಬೇಕು" ಎಂದು ಅವ್ವ ಬಯ್ಯುತ್ತಿದ್ದಳು. ಮದುವೆಯಾಗಿ ಹುಬ್ಬಳ್ಳಿಯ ಕಮರಿಪೇಟೆಗೆ ಬಂದ ಮೇಲೆ ನನ್ನ ತಲೆ ತಿಂದದ್ದು ಇನ್ನೊಂದು. ನಮ್ಮ ಪಡಸಾಲೆಯಲ್ಲಿ ದಲಾಲರು ಎದುರುಬದುರು ಕೂತು, ಕೈಕೈ ಹಿಡಿದು, ಮೇಲೊಂದು ಶಲ್ಯ ಮುಚ್ಚುತ್ತಿದ್ದರು. ಬಾಯಲ್ಲಿ ಮಳೆಬೆಳೆ, ಬೀಗರ ಸುದ್ದಿ. ದರದ ಮಾತೆಲ್ಲ ಶಲ್ಯದ ಕೆಳಗೆ, ಬೆರಳು ಒತ್ತಿ ಒತ್ತಿ. ಪಕ್ಕದಲ್ಲಿ ಕೂತವನಿಗೂ ತಿಳಿಯದು. ಮಾತು ಮುಗಿಯುವ ತನಕ ಕೈ ಬಿಡುವ ಹಾಗಿಲ್ಲ, ನಡುವೆ ಕೈ ಕಿತ್ತುಕೊಂಡವನನ್ನು ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ಇಷ್ಟನ್ನು ನಾನು ಬಾಗಿಲ ಸಂದಿಯಿಂದಲೇ ಕಲಿತಿದ್ದೆ. ಬೆರಳುಗಳು ಏನು ಹೇಳುತ್ತವೆ ಎಂದು ಕೇಳಿದರೆ ಮಾತ್ರ, "ಅದು ಪ್ಯಾಟಿ ಮಾತು, ನಿನಗ್ಯಾಕ?" ಎಂದು ಇವರು ಎದ್ದುಹೋಗುತ್ತಿದ್ದರು.

ಹುಬ್ಬಳ್ಳಿ, ಧಾರವಾಡ ಕೂಡಿ ಒಂದೇ ಕಾರ್ಪೊರೇಷನ್ ಆದ ಮರುವರ್ಷ ನಾನು ಹಠ ಹಿಡಿದೆ. ಶಲ್ಯದ್ದು ಹೇಳಬೇಡಿ, ಸಮುದ್ರವನ್ನಾದರೂ ತೋರಿಸಿ. ಅದರಲ್ಲಿ ಕಾಲಿಟ್ಟು ನಿಲ್ಲಬೇಕು, ಮತ್ತೇನೂ ಬೇಡ.

"ಕರಕೊಂಡು ಹೋಗಪಾ ಚನ್ನಯ್ಯ, ಇಲ್ಲಾಂದ್ರ ಈಕಿ ನನ್ನ ತಲಿ ತಿಂತಾಳ" ಎಂದರು ನಮ್ಮ ಅತ್ತೆ. ಒಂದು ಗುಳೇದಗುಡ್ಡದ ಖಣ, ತೆಂಗಿನಕಾಯಿ, ಹಸಿರು ಬಳೆ ಗಂಟು ಕಟ್ಟಿಕೊಟ್ಟು, "ಗಂಗವ್ವಗ ಉಡಿ ತುಂಬಿ ಬರ್ರಿ. ಗಂಡ ಹೆಂಡ್ತಿ ಜೋಡಿಲೇ ನೀರಾಗ ನಿಂತು ತುಂಬಬೇಕು, ಒಬ್ಬಾಕಿನ ಇಳೀಬ್ಯಾಡ" ಎಂದು ನನ್ನಿಂದ ಮಾತು ತೆಗೆದುಕೊಂಡರು. ಇವರು ಅದನ್ನು ಕೇಳಿ, ಚೀಲ ಎಣಿಸಲು ಹೊರಗೆ ಹೋದರು.

ನಸುಕಿನಲ್ಲೇ ಡ್ರೈವರ್ ಗುಲಾಬಸಾಬನ ಲಾರಿ ಹತ್ತಿದೆವು. ಹಿಂದೆ ಮೆಣಸಿನಕಾಯಿ ಚೀಲ, ಮುಂದೆ ನಾವು ಮೂವರು. ಯಲ್ಲಾಪುರದ ತನಕ ನಾನು ಸೀನಿದೆ, ಅರಬೈಲ್ ಘಟ್ಟದಲ್ಲಿ ಕಣ್ಣು ಮುಚ್ಚಿಕೊಂಡು ಶಿವ ಶಿವ ಅಂದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಕೋಲೆಯಲ್ಲಿ ಗುಲಾಬಸಾಬ ಲಾರಿ ನಿಲ್ಲಿಸಿ, "ನೋಡ್ರಿ ಅಕ್ಕಾರ" ಎಂದ.

ನಮ್ಮ ಕಡೆಯ ಎರೆಹೊಲದ ಹಾಗೆ, ಕಣ್ಣು ಹೋದಷ್ಟು ದೂರ ಏನೂ ಅಡ್ಡ ಇರಲಿಲ್ಲ. ಬಿಸಿಲಿಗೆ ನೀರೆಲ್ಲ ಹೊಳೆಯುತ್ತಿತ್ತು. ದಂಡೆಯ ತುಂಬ ಸಣ್ಣ ತೂತು. ಅದರೊಳಗಿಂದ ಏಡಿಮರಿಗಳು ಅಡ್ಡಡ್ಡ ಓಡಿಬಂದು, ನನ್ನ ನೆರಳು ಬಿದ್ದ ಕೂಡಲೇ ಒಳಗೆ ಹೋಗುತ್ತಿದ್ದವು. ಒಂದು ಕಡ್ಡಿ ಹಿಡಿದು ತೂತಿನ ಮುಂದೆ ಕೂತೆ. ಏಡಿ ನನಗಿಂತ ಹಠಮಾರಿ, ಹೊರಗೆ ಬರಲೇ ಇಲ್ಲ. ಗುಲಾಬಸಾಬ ತಂಬಿಗೆಯಲ್ಲಿ ನೀರು ತಂದುಕೊಟ್ಟ. ಬಾಯಿಗಿಟ್ಟರೆ ಉಪ್ಪಷ್ಟೇ ಅಲ್ಲ, ಹಿಂದೆಯೇ ಕಹಿ. ಇದನ್ನು ಇಷ್ಟು ವರ್ಷದಲ್ಲಿ ಒಬ್ಬರಾದರೂ ನನಗೆ ಹೇಳಿದ್ದರೇ?

ಇವರು ಎಲ್ಲಿ ಎಂದು ನೋಡಿದರೆ, ದೂರ ಮೇಲೆ ಗಾಳಿಮರದ ಬುಡದಲ್ಲಿ ನಿಂತಿದ್ದಾರೆ. ಅಂಗೈಯಲ್ಲಿ ಒಂದು ಹಿಡಿ ಮರಳು. ಜೋಳ ನೋಡುವ ಹಾಗೆಯೇ ಬಿಸಿಲಿಗೆ ಹಿಡಿದು, ಬೆರಳಿಂದ ಹರಡಿ, ಉಫ್ ಎಂದು ಊದುತ್ತಿದ್ದಾರೆ.

"ಬರ್ರಿ, ಉಡಿ ತುಂಬೂಣು."

"ಮುಂದ ತುಂಬೂಣಂತ. ಮರಳು ನೋಡಾಕತ್ತೇನಿ."

ಮರುದಿನ ಅರಗಾದಲ್ಲಿಯೂ ಅದೇ ಆಟ. ಗುಡ್ಡಗಳ ನಡುವೆ ಬಟ್ಟಲಿನಂಥ ದಂಡೆ, ಮೇಲೆ ಎಳೆದಿಟ್ಟ ದೋಣಿಗಳು. ನಾನು ಒಂದೊಂದು ದೋಣಿಯ ಹೊಟ್ಟೆ ಮುಟ್ಟಿ ನೋಡಿದೆ. ಹಲಗೆಗಳಿಗೆ ಮೊಳೆಯೇ ಇಲ್ಲ, ಹುರಿಯಿಂದ ಹೊಲಿದಿದ್ದಾರೆ! ನೀರು ಯಾಕೆ ಒಳಗೆ ಬರುವುದಿಲ್ಲ ಎಂದು ಕೇಳಲು ಓಡಿದರೆ ಇವರು ಮತ್ತೆ ಮರಳಿನ ಮುಂದೆ.

"ಇದು ಸಣ್ಣಂದು. ಅಂಕೋಲಾದ್ದು ಸ್ವಲ್ಪ ಉರುಟು ನೋಡು."

"ಮರಳೇನು ಮೆಣಸಿನಕಾಯೇನ್ರಿ, ದರ ಕಟ್ಟಾಕ?"

ಕಾರವಾರದಲ್ಲಿ ಮಾಲು ಇಳಿಸಿದ ಮೇಲೆ ಆ ವ್ಯಾಪಾರಿ, ಕಾಳಿ ನದಿಯನ್ನು ಲಾಂಚಿನಲ್ಲಿ ದಾಟಿ ಸದಾಶಿವಗಡ ನೋಡಿಬನ್ನಿ ಎಂದರು. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ. ಇವರು "ನನಗ ಬಿಸಲು ತಡೆಯೂದಿಲ್ಲ" ಎಂದುಬಿಟ್ಟರು. ಚೈತ್ರದ ಬಿಸಿಲಲ್ಲಿ ಬರಿಗಾಲಲ್ಲಿ ಪೇಟೆಯಲ್ಲಿ ನಿಲ್ಲುವ ಮನುಷ್ಯ! ಆಗ ನನ್ನ ತಲೆಯಲ್ಲಿ ಹುಳ ಬಿತ್ತು. ಗುಲಾಬಸಾಬನನ್ನು ಬದಿಗೆ ಕರೆದು ಕೇಳಿದೆ.

"ಅಕ್ಕಾರ, ಇಷ್ಟು ವರ್ಷದಾಗ ಸಾವಕಾರ್ರು ಒಮ್ಮೆನೂ ದಂಡಿಗಿ ಇಳಿದಿಲ್ರಿ" ಎಂದ ಅವನು. "ನಾ ಹೋಗಿ ಕಾಲು ತೋಯಿಸ್ಕೊಂಡು ಬರ್ತೇನಿ, ಅವರು ಲಾರ್ಯಾಗ ಕುಂತಿರತಾರ."

ಅಂದರೆ ಆ ಪ್ರತಿವರ್ಷದ 'ನೀರಿತ್ತು', ಲಾರಿಯ ಕಿಟಕಿಯಿಂದ ಕಂಡ ನೀರು.

ಹೊರಡುವ ದಿನ ಸಂಜೆ ಕಾರವಾರದ ದಂಡೆಯಲ್ಲಿ ಉಡಿಯ ಗಂಟು ಹಿಡಿದು ಅವರ ಮುಂದೆ ನಿಂತೆ. ಇದು ತಪ್ಪಿದರೆ ನನಗೆ ಸಮುದ್ರವಿಲ್ಲ, ಅತ್ತೆಗೆ ಕೊಟ್ಟ ಮಾತೂ ಇಲ್ಲ. ಅವರು ಬಗ್ಗಿ ಮರಳಿಗೆ ಕೈಹಾಕಿದರು.

"ಆ ಮರಳು ಒಗೀರಿ ಅತ್ತಾಗ. ಕೊಂಕಣ ಸುತ್ತಿ ಮೈಲಾರಕ್ಕ ಬರಬ್ಯಾಡ್ರಿ, ನೆಟ್ಟಗ ಹೇಳ್ರಿ. ಏನಾಗೇತಿ ನಿಮಗ?"

ಮರಳು ಚೆಲ್ಲಿ ಕೈ ಝಾಡಿಸಿದರು. ಆಮೇಲೆ ನೀರಿಗೆ ಬೆನ್ನು ಮಾಡಿ ಹೇಳಿದರು.

"ಉಣಕಲ್ ಕೆರ್ಯಾಗ, ಇನ್ನೂ ಮೀಸಿ ಮೂಡಿದ್ದಿಲ್ಲ ನನಗ. ಗೆಳೆಯಾ ಒಬ್ಬ ಈಜು ಕಲಸ್ತೇನಿ ಅಂತ ಕೈ ಹಿಡಕೊಂಡು ನಡುವಿಗಿ ಒಯ್ದ. ನಗಚಾಟಿಗಿ ಕೈ ಬಿಟ್ಟ. ಮುಳುಗಾಕತ್ತಿದ್ದೆ, ಯಾರೋ ದಂಡಿಗಿ ಎಳದು ಹಾಕಿದ್ರು. ಅವ್ವಗ ಇವತ್ತಿನ ತನಕ ಗೊತ್ತಿಲ್ಲ. ನೀರು ಅಂದ್ರ ನನಗ ಅಂಜಿಕಿ, ಶಿವಬಸವ್ವ."

ಪೇಟೆಯಲ್ಲಿ ಚನ್ನಯ್ಯನವರು ಕೆಮ್ಮಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಅವರ ಬಾಯಿಂದ ಅಂಜಿಕೆ ಎಂಬ ಮಾತು ನಾನು ಕೇಳಿಯೇ ಇರಲಿಲ್ಲ. ನನ್ನ ಸಿಟ್ಟೆಲ್ಲ ಇಳಿಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಎಲ್ಲಾ ಗಡಿಗೆಯಲ್ಲಿ ಮೂಗು ತೂರಿಸಿದ ನನಗೆ ಇದೊಂದು ಕಂಡಿರಲಿಲ್ಲವಲ್ಲ ಎಂದು ಅಳು ಬಂತು.

"ಹೋಗ್ಲಿ ಬಿಡ್ರಿ. ತಿರಗಿ ಹೋಗೂಣು" ಎಂದೆ.

ಅವರು ಹೊರಡಲಿಲ್ಲ. ನನ್ನ ಕೈಯ ಗಂಟು ನೋಡಿದರು, ನೀರು ನೋಡಿದರು. "ಯಾರರೆ ಗಟ್ಟಿ ಹಿಡಕೊಂಡಿದ್ರ ಇಳೀತಿದ್ನೇನೋ" ಎಂದರು, ತಮಗೇ ಹೇಳಿಕೊಂಡಂತೆ. "ಆದ್ರ ಇಷ್ಟು ಮಂದಿ ಮುಂದ ಹೆಂಡ್ತಿ ಕೈ ಹೆಂಗ ಹಿಡೀಲಿ?"

ನಾನು ಅವರ ಹೆಗಲ ಮೇಲಿನ ಶಲ್ಯ ಎಳೆದುಕೊಂಡೆ. ಅವರ ಬಲಗೈ ಹಿಡಿದು, ಮೇಲೆ ಶಲ್ಯ ಮುಚ್ಚಿದೆ.

"ಪ್ಯಾಟಿ ರೀತಿಲೇ ಹೋಗೂಣು. ಮಾತು ಮುಗಿಯೂ ತನಕ ಕೈ ಬಿಡಂಗಿಲ್ಲ."

ಅವರು ಬಾಯಿ ತೆರೆದು ನನ್ನನ್ನೇ ನೋಡಿದರು. "ಇದನ್ನ ಯಾವಾಗ ಕಲ್ತಿ?"

"ಬಾಗಲ ಸಂದ್ಯಾಗ."

ಇಳಿದೆವು. ಮೊದಲ ತೆರೆ ಪಾದಕ್ಕೆ ಬಡಿದಾಗ ಅವರ ಅಂಗೈ ಬೆವೆತದ್ದು ನನಗೆ ತಿಳಿಯಿತು, ಇನ್ನಾರಿಗೂ ತಿಳಿಯಲಿಲ್ಲ. ತೆರೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಕರೆದೊಯ್ಯುತ್ತದೆ ಎಂದು ನನಗೇನು ಗೊತ್ತು? ನಾನೂ ತೂಗಾಡಿದೆ. ಅವರು ಬಿಗಿಯಾಗಿ ಹಿಡಿದರು. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು, ನೀರಿನಲ್ಲಿ ಇದೆಂಥ ವ್ಯಾಪಾರ ಎಂಬಂತೆ ನೋಡಿದಳು. ಗುಲಾಬಸಾಬ ಲಾರಿಯ ಹತ್ತಿರದಿಂದ ಕೂಗಿದ.

"ದರ ಕುದುರಿತೇನ್ರಿ ಸಾವಕಾರ್ರ?"

"ಇನ್ನೂ ಇಲ್ಲೋ!" ಎಂದು ಇವರು ತಿರುಗಿ ಕೂಗಿದರು, ದನಿ ಸ್ವಲ್ಪ ಒಡೆದಿತ್ತು.

ಬಿಡುವಿದ್ದ ಒಂದೊಂದು ಕೈಯಿಂದಲೇ ಇಬ್ಬರೂ ಸೇರಿ ಗಂಗವ್ವನಿಗೆ ಉಡಿ ತುಂಬಿದೆವು. ಕಾಯಿ ತೇಲಿಹೋಗಿ ಎರಡು ಸಲ ನಮ್ಮ ಕಾಲಿಗೇ ಬಂದು ಬಡಿಯಿತು. ಮುಗಿಯಿತೆಂದು ನಾನು ದಂಡೆಯ ಕಡೆ ತಿರುಗಿದೆ. ಆಗ ಶಲ್ಯದ ಕೆಳಗೆ ನನ್ನ ತೋರುಬೆರಳನ್ನು ಅವರು ಮೆಲ್ಲಗೆ ಒತ್ತಿದರು.

"ಹಂಗಂದ್ರ ಏನ್ರಿ?"

"ಇನ್ನೊಂದು ಹೆಜ್ಜಿ ಒಳಗ ಹೋಗೂಣು ಅಂತ."

ಹುಬ್ಬಳ್ಳಿಗೆ ಬಂದ ದಿನ ಅತ್ತೆ ನಮಗೆ ಬಿಸಿ ರೊಟ್ಟಿ ಬಡಿಸಿ, ಹತ್ತಿರವೇ ಕೂತರು. "ಏನವಾ, ಅಷ್ಟು ಹಠ ಮಾಡಿ ಹೋಗಿದ್ಯಲ್ಲ. ಸಮುದ್ರ ಹೆಂಗಿತ್ತು?"

ಇವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ನೀರಿತ್ರಿ ಅತ್ತಿ" ಎಂದೆ ನಾನು.