ಅರ್ಧ ಮಿಲಿಮೀಟರ್

ಮೂರು ವರ್ಷದ ಮೇಲೆ ನಂದಕಿಶೋರ್ ಫೋನ್ ಮಾಡಿದಾಗ ನಾನು ಚಿತ್ತಾಪುರದ ನಮ್ಮ ಪಿಯು ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಎತ್ತಿಕೊಂಡೆ.

"ಪ್ರಮಿತಾ ಅವರೇ, ಆರಾಮದೀರಿ? ಇಲ್ಲಿ ಭಾಳ ಫಜೀತಿ ಆಗ್ಯಾದ್ರಿ. ಕಂಪ್ಯೂಟರ್ ಕೆಟ್ಟು ಹಳೇದೆಲ್ಲಾ ಹೋಗ್ಯಾದ. ನಮ್ಮ ಸೊನ್ನೆ ಎಲ್ಲಿತ್ತು, ನೆಪ್ಪದ ಏನ್ರಿ?"

ನೆನಪಿಲ್ಲದೆ ಏನು! ಹೈದರಾಬಾದಿನ ಆ ಲ್ಯಾಬಿನಲ್ಲಿ ನಾಲ್ಕು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ದುಡಿದವರು. ಅವನು ವಾಡಿಯವನು. ಊರಿಗೆ ಬರುವಾಗ ಒಂದೇ ರೈಲು, ಒಂದೇ ಬುತ್ತಿ. ಕೆಲಸ ಇಷ್ಟೇ: ಲೇಸರಿನ ಒಂದು ಮಿಂಚು ಅಯೊಡಿನ್ ಅಣುವನ್ನು ಒಡೆಯುತ್ತದೆ, ಬೆನ್ನಿಗೇ ಬರುವ ಎರಡನೆಯ ಮಿಂಚು ಚೂರುಗಳು ಎಷ್ಟು ದೂರ ಹೋದವೆಂದು ನೋಡುತ್ತದೆ. ನಡುವಿನ ಸಮಯ ಯಾವ ಗಡಿಯಾರಕ್ಕೂ ಸಿಗುವಂಥದ್ದಲ್ಲ. ಅದಕ್ಕೇ ಎರಡನೆಯ ಮಿಂಚಿನ ದಾರಿಯಲ್ಲಿ ಕನ್ನಡಿ ಸರಿಸಿ ದಾರಿ ಉದ್ದ ಮಾಡುತ್ತಿದ್ದೆವು. ಉದ್ದವಾದಷ್ಟೂ ತಡ. ಎರಡೂ ಮಿಂಚು ಒಟ್ಟಿಗೆ ಬಂದು ತಲುಪುವಾಗ ಕನ್ನಡಿ ಇರುವ ಜಾಗವೇ ಸೊನ್ನೆ. ಅದು ಸಿಗದಿದ್ದರೆ ಮುಂದಿನ ಕೆಲಸವೇ ಇಲ್ಲ.

"ನೂರಾ ನಲವತ್ಮೂರು ಪಾಯಿಂಟ್ ಎರಡು ಏಳು ಮಿಲಿಮೀಟರ್," ಎಂದೆ.

"ವ್ಹಾ! ನಿಮ್ಮ ತಲಿ ಅಂದ್ರ ತಲಿ. ಇಡ್ತೀನ್ರಿ."

ಇಟ್ಟೇಬಿಟ್ಟ. ಊಟ ಆಯಿತೇ ಎಂದೂ ಕೇಳಲಿಲ್ಲ, ಪುಣ್ಯಾತ್ಮ.

ನಾನೂ ಸಾಚಾ ಅಲ್ಲ. ಒಂದು ಮಾತು ಬೇಕೆಂದೇ ಹೇಳದೆ ಉಳಿಸಿಕೊಂಡಿದ್ದೆ. ಲ್ಯಾಬು ಬಿಡುವ ವಾರ, ಅವನು ರಜೆಯಲ್ಲಿದ್ದಾಗ, ಎರಡನೆಯ ಮಿಂಚಿನ ದಾರಿಗೆ ಎರಡು ಮಿಲಿಮೀಟರ್ ದಪ್ಪದ ಗಾಜು ಸೇರಿಸಿದ್ದೆ. ಗಾಜಿನೊಳಗೆ ಬೆಳಕು ನಿಧಾನ; ಸೊನ್ನೆ ಅರ್ಧ ಮಿಲಿಮೀಟರ್ ಹಿಂದಕ್ಕೆ ಹೋಗಿತ್ತು. ಆ ಹೊಸ ಅಂಕಿ ಇದ್ದದ್ದು ಈಗ ಕೆಟ್ಟ ಕಂಪ್ಯೂಟರಿನಲ್ಲಿ ಮಾತ್ರ. ನಾನು ಕೊಟ್ಟ ಹಳೆಯ ಅಂಕಿಯಲ್ಲಿ ಅವನಿಗೆ ಏನೂ ಕಾಣುವುದಿಲ್ಲ. ಕಾಣದಿದ್ದರೆ ಮತ್ತೆ ಫೋನ್ ಮಾಡಲೇಬೇಕಲ್ಲ. ನನಗೆ ಬೇಕಾದದ್ದು ಅದೇ.

ಲ್ಯಾಬಿನಲ್ಲಿ ಮೊಬೈಲ್ ಮುಟ್ಟಬೇಡಿ ಎಂದು ಮಕ್ಕಳನ್ನು ಗದರುವ ನಾನು ಒಂಬತ್ತು ದಿನ ಅದನ್ನು ಬ್ಯೂರೆಟ್ ಸ್ಟ್ಯಾಂಡಿನ ಪಕ್ಕದಲ್ಲೇ ಇಟ್ಟುಕೊಂಡು ಪಾಠ ಮಾಡಿದೆ. ಬಂದ ಫೋನೆಲ್ಲ ಗ್ಯಾಸಿನವರದು, ಇಲ್ಲವೇ ಸೀರೆ ಅಂಗಡಿಯದು. ಕಾಲೇಜಿನಲ್ಲಿ ನಾನು ಬರೀ ಮೇಡಂ. ಬಾಡಿಗೆ ಖೋಲಿಯಲ್ಲಿ ಅದೂ ಅಲ್ಲ. ಪ್ರಮಿತಾ ಎಂದು ಯಾರಾದರೂ ಕರೆದು ಎಷ್ಟು ದಿನವಾಗಿತ್ತೋ, ಅವನು ಕರೆದ ಮೇಲೇ ಗೊತ್ತಾಯಿತು.

ಹತ್ತನೆಯ ದಿನ ಭಯವಾಯಿತು. ನನ್ನ ಹುಚ್ಚಿಗೆ ಅವನ ಕೆಲಸ ನಿಂತುಹೋಗಿದ್ದರೆ? ನಾನೇ ಫೋನ್ ಮಾಡಿದೆ.

"ಒಂದು ಗಾಜಿನ ಮಾತು ಹೇಳಬೇಕಿತ್ರಿ..."

"ಓ, ಅದಾ! ಸೊನ್ನೆ ಅವತ್ತೇ ಸಿಕ್ತಲ್ರಿ. ಚಂದ್ರಕಲಾ ಅಂತ ಹೊಸಾಕಿ ಬಂದಾಳ, ಭಾಳ ಹುಷಾರಿ. ಕನ್ನಡಿ ಹಿಂದ ಮುಂದ ಸರಸಿ ಹತ್ತು ನಿಮಿಷದಾಗ ಹುಡುಕಿದ್ಲು. ನಿಮಗ ಹೇಳ್ಬೇಕಂದಿದ್ದೆ, ಮರ್ತೇಬಿಟ್ಟೆ."

ಹತ್ತು ನಿಮಿಷ! ಅವನು ಇನ್ನೇನು ಇಡುತ್ತಾನೆ ಎಂದು ತಿಳಿಯಿತು.

"ಈಗ ಸೊನ್ನೆ ಎಲ್ಲಿ ಬರ್ಲಿಕತ್ತದ?" ಎಂದು ಕೇಳಿದೆ.

"ನೂರಾ ನಲವತ್ತೆರಡು ಪಾಯಿಂಟ್ ಏಳು ಏಳು. ನಿಮಗ್ಯಾಕ್ರಿ ಅದು ಈಗ?"

"ಬರ್ಕೋತೀನ್ರಿ. ಜರಾ ಸಾವಕಾಶ ಹೇಳ್ರಿ."

ಅವನು ಒಂದೊಂದೇ ಅಂಕಿ ಹೇಳಿದ. ನನಗೆ ಮೊದಲೇ ಗೊತ್ತಿದ್ದ ಆ ಐದು ಅಂಕಿಗಳನ್ನು ನಾನು ಒಂದೊಂದಾಗಿ ಬರೆದುಕೊಂಡೆ.